ಹದಿನಾರು ಸೆಕೆಂಡಿನ ಅಲೆ

ಬಾವಿಯ ನೀರೆಲ್ಲ ಹೊರಗೆ ಹಾಕಿದ ಮೇಲೆ ಕಲ್ಲುಗೋಡೆಗೆ ಅಂಟಿದ ಪಾಚಿ ಬಿಸಿಲಿಗೆ ಒಣಗುತ್ತದಲ್ಲ, ಆಗ ಒಂದು ವಾಸನೆ ಏಳುತ್ತದೆ. ಹಸಿ, ಸ್ವಲ್ಪ ಕೊಳೆತದ್ದು, ಸ್ವಲ್ಪ ಉಪ್ಪು. ಬಾವಿಯಲ್ಲಿ ಉಪ್ಪು ಎಲ್ಲಿಂದ ಬಂತು ಎಂದು ಕೇಳಬೇಡಿ, ನನ್ನ ಮೂಗಿಗೆ ಬಂತು. ಕಳೆದ ತಿಂಗಳು ಕಮಲಾಪುರದಲ್ಲಿ ಅಕ್ಕನ ತೋಟದ ಬಾವಿಯ ಹೂಳು ತೆಗೆಸುವ ದಿನ ನಾನು ದಂಡೆಯ ಮೇಲೆ ನಿಂತು ಒಳಗೆ ಬಗ್ಗಿ ನೋಡಿದೆ. ಆ ವಾಸನೆ ಮುಖಕ್ಕೆ ಬಡಿಯಿತು. ಅಲ್ಲೇ ದಂಡೆಯ ಮೇಲೆ ಕೂತುಬಿಟ್ಟೆ. ಹೂಳು ತೆಗೆಯುವವರು ನಕ್ಕರು. ಕಲಬುರಗಿಯಲ್ಲಿ ಫ್ಯಾನಿನ ಕೆಳಗೆ ಕೂತು ಎಸ್ಟಿಮೇಟ್ ಬರೆಯುವವನಿಗೆ ಬಿಸಿಲು ತಡೆಯಲಿಲ್ಲ ಅಂದುಕೊಂಡಿರಬೇಕು.

ನಿಮಗೆ ನಾನು ಗೊತ್ತು. ನೆಹರು ಗಂಜ್‌ನ ಜಗಳ, ಸಿಟಿ ಬಸ್ಸಿನ ಕಂಡಕ್ಟರ್, ಮನೆಯಲ್ಲಿ ಹೆಂಡತಿ ಕೊಟ್ಟ ಏಟು, ಇಂಥವನ್ನೇ ಬರೆದು ನಿಮ್ಮನ್ನು ನಗಿಸುತ್ತಾ ಬಂದವನು. ಇವತ್ತಿನದು ನಗುವಂಥದ್ದಲ್ಲ. ಓದದೆ ಹೋಗುವವರು ಈಗಲೇ ಹೋಗಿ, ನನಗೇನೂ ಬೇಜಾರಿಲ್ಲ. ಒಂದು ವರ್ಷ ಸಮುದ್ರದ ಪಕ್ಕ ಇದ್ದಿರಂತೆ, ಅದನ್ನು ಬರೀರಿ ಎಂದು ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ. ನಾನು ಪ್ರತಿ ಸಲ ಮಾತು ಬೇರೆ ಕಡೆ ತಿರುಗಿಸಿದ್ದೇನೆ. ಯಾಕೆಂದು ಇವತ್ತು ಗೊತ್ತಾಗುತ್ತದೆ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಸಿವಿಲ್ ಡಿಪ್ಲೊಮಾ ಮುಗಿಸಿ ಅಲ್ಲಿ ಇಲ್ಲಿ ಅಳತೆ ಟೇಪು ಹಿಡಿದು ಓಡಾಡುತ್ತಿದ್ದೆ. ಒಬ್ಬ ಕಾಂಟ್ರಾಕ್ಟರು ಕರಾವಳಿಯ ಒಂದು ಸಣ್ಣ ಊರಿನಲ್ಲಿ ದೋಣಿ ನಿಲ್ಲುವ ಜೆಟ್ಟಿ ಕಟ್ಟುವ ಕೆಲಸಕ್ಕೆ ಕೈ ಹಾಕಿದ್ದ. ಕಟ್ಟುವ ಮೊದಲು ಅಲ್ಲಿಯ ಸಮುದ್ರ ಹೇಗಿರುತ್ತದೆ ಎಂದು ಒಂದು ವರ್ಷ ಬರೆದಿಡಬೇಕಿತ್ತು. ಅಲೆ ಬರೆಯುವ ಕೆಲಸ. ಜೂನ್‌ನಿಂದ ಮೇ ತನಕ, ದಿನಕ್ಕೆ ಮೂರು ಸಲ: ಬೆಳಿಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ಸಂಜೆ ಐದು. ಸಮುದ್ರವನ್ನು ಅದುವರೆಗೆ ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ ನನ್ನನ್ನು ಅದಕ್ಕೆ ಇಟ್ಟುಕೊಂಡರು. ಅಲ್ಲಿಯವರು ಬೋರಾಗಿ ಓಡಿಹೋಗುತ್ತಾರೆ, ಬಯಲುಸೀಮೆಯವನು ಕಣ್ಣು ಬಿಟ್ಟುಕೊಂಡು ನೋಡುತ್ತಾನೆ ಅಂತ ಲೆಕ್ಕ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮುಂದಿನ ರಜೆಗೆ ಅಲ್ಲೇ ಹೋಗುತ್ತೀರಿ.

ಜಾಗ ಹೀಗಿತ್ತು. ಕೆಂಪು ಚಿರೆಕಲ್ಲಿನ ಗುಡ್ಡ. ಗುಡ್ಡದಲ್ಲೇ ಕಡಿದ ಅರವತ್ತೆರಡು ಮೆಟ್ಟಿಲು. ಕೆಳಗೆ ಕುದುರೆಯ ಲಾಳದ ಹಾಗೆ ಬಾಗಿದ ಒಂದು ಚಿಕ್ಕ ತೀರ, ಈ ತುದಿಯಿಂದ ಆ ತುದಿಗೆ ಮುನ್ನೂರು ಹೆಜ್ಜೆ. ಎರಡೂ ಕಡೆ ಕಪ್ಪು ಬಂಡೆಗಳು ಸಮುದ್ರದೊಳಗೆ ಕೈ ಚಾಚಿದ್ದವು. ಬಡಗಣ ಕೈ ಎತ್ತರ, ನೆಟ್ಟಗೆ. ತೆಂಕಣದ್ದು ಉದ್ದ, ತಗ್ಗು, ನೀರಿನ ಕಡೆಗೆ ಇಳಿಜಾರು. ಅಂಚಿಗೆಲ್ಲ ಕೇದಿಗೆಯ ಮುಳ್ಳುಪೊದೆ. ಬಡಗಣ ಬಂಡೆಗೆ ಅರ್ಧ ಮೀಟರಿಗೊಂದರಂತೆ ಕೆಂಪು, ಬಿಳಿ ಪಟ್ಟಿ ಬಳಿದು ಎತ್ತರದ ಗುರುತು ಮಾಡಿದ್ದರು. ಅಲೆಯ ನೆತ್ತಿ ಯಾವ ಪಟ್ಟಿ ಮುಟ್ಟಿತು ಎಂದು ನೋಡುವುದು, ಹನ್ನೊಂದು ಅಲೆ ದಾಟಲು ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚಿನಲ್ಲಿ ಹಿಡಿದು, ಹತ್ತರಿಂದ ಭಾಗಿಸಿ ಒಂದು ನೆತ್ತಿಯಿಂದ ಇನ್ನೊಂದಕ್ಕೆ ಎಷ್ಟು ಎಂದು ತೆಗೆಯುವುದು, ಗಾಳಿ ಯಾವ ಕಡೆಯಿಂದ, ಮರಳು ಎಷ್ಟು ಅಗಲ, ಇಷ್ಟು ಬರೆದು ಕೊನೆಯ ಖಾನೆಯಲ್ಲಿ ಒಂದೇ ಮಾತು: ಶಾಂತ, ಸಾಧಾರಣ, ಒರಟು. ಗುಡ್ಡದ ಮೇಲೆ ಬಾಡಿಗೆ ಕೋಣೆ. ಕಿಟಕಿಯಿಂದ ದೂರದ ಸಮುದ್ರ ಕಾಣುತ್ತಿತ್ತು, ಕೆಳಗಿನ ತೀರ ಕಾಣುತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಮೊದಲಿಗೇ ಮಳೆಗಾಲ ನನ್ನನ್ನು ಹೆದರಿಸಿ ಹಾಕಿತು. ನಾಲ್ಕೇ ದಿನದಲ್ಲಿ ಸಮುದ್ರ ತೀರದ ಮರಳನ್ನೆಲ್ಲ ಎಳೆದುಕೊಂಡು ಹೋಯಿತು. ಅಡಿಯಲ್ಲಿ ದುಂಡಗಿನ ಕಪ್ಪು ಕಲ್ಲು ಬಿದ್ದಿದ್ದವು, ಜೋಳದ ರೊಟ್ಟಿಯಷ್ಟು ಅಗಲದವು, ಕೆಲವು ಕುಂಬಳಕಾಯಿಯಷ್ಟು. ಅಲೆ ಬಂದು ಒಡೆದು ಹಿಂದೆ ಸರಿಯುವಾಗ ಆ ಕಲ್ಲುಗಳೆಲ್ಲ ಒಂದರ ಮೇಲೊಂದು ಉರುಳುತ್ತಿದ್ದವು. ಗಂಜ್‌ನಲ್ಲಿ ಹಮಾಲರು ತೊಗರಿಯ ಚೀಲ ಬಿಚ್ಚಿ ರಾಶಿಗೆ ಸುರಿಯುವ ಸದ್ದು ಕೇಳಿದ್ದೀರಲ್ಲ, ಅದೇ ಸದ್ದು, ನೂರು ಚೀಲ ಒಟ್ಟಿಗೆ. ಬಡಗಣ ಬಂಡೆಗೆ ಬಡಿದ ಅಲೆ ತಿರುಗಿ ಬಂದು ಹಿಂದಿನ ಅಲೆಗೆ ಡಿಕ್ಕಿ ಹೊಡೆದು, ನೀರು ಗೋಪುರದ ಹಾಗೆ ನೆಟ್ಟಗೆ ಮೇಲಕ್ಕೇಳುತ್ತಿತ್ತು. ಕನ್ನಡಕದ ಮೇಲೆ, ತುಟಿಯ ಮೇಲೆ, ರಿಜಿಸ್ಟರಿನ ಹಾಳೆಯ ಮೇಲೆ ಉಪ್ಪು. ಜೂನ್, ಜುಲೈ ಪೂರ್ತಿ ಒಂದೇ ಮಾತು ಬರೆದೆ: ಒರಟು.

ಆಗ ಮಾದೇವಕ್ಕನ ಪರಿಚಯವಾಯಿತು. ಬಂಡೆಗೆ ಅಂಟಿದ ಚಿಪ್ಪುಗಳನ್ನು ಉಳಿಯಿಂದ ಕೆತ್ತಿ ಮಾರುವ ಹೆಂಗಸು, ಐವತ್ತು ದಾಟಿದವಳು, ಬಾಯಿ ತುಂಬ ಎಲೆಯಡಿಕೆ. ಅದಕ್ಕೆ ಅವರು ಕವಳ ಎನ್ನುತ್ತಾರೆ. ಸೆಪ್ಟೆಂಬರಿನ ಒಂದು ದಿನ ನಾನು ತೆಂಕಣ ಬಂಡೆಯ ಮೇಲೆ ಕೂತು ಬರೆಯುತ್ತಿದ್ದೆ. ಹಿಂದಿನಿಂದ ಬಂದು ಬೈದಳು.

"ಸರ್, ನಿಮಗೆ ಎಂತ ಮರ್ಳಾ? ಕಲ್ಲು ಒದ್ದೆ ಉಂಟು, ಕಾಣೂದಿಲ್ವಾ?"

"ಈಗ ಅಲೆ ಇಲ್ಲೀತನಕ ಬರಾಕತ್ತಿಲ್ಲ ಬಿಡ್ರಿ," ಎಂದೆ.

"ಈಗ ಇಲ್ಲ. ಒದ್ದೆ ಮಾಡಿದ್ದು ಯಾರು, ನಿಮ್ಮ ಕಾಂಟ್ರಾಕ್ಟರಾ? ನಾನು ಒಂದು ಕವಳ ಹಾಕಿ, ಅದು ಬಾಯಲ್ಲಿ ಮುಗಿಯೂವರೆಗೆ ನಿಂತು ನೋಡ್ತೆ. ಆಮೇಲೇ ಇಳಿಯೂದು. ದೊಡ್ಡವು ಒಟ್ಟಿಗೆ ಬರ್ತವೆ, ಮೂರೋ ನಾಲ್ಕೋ. ನಡುವೆ ಸುಮ್ನೆ ಇರ್ತವೆ. ಆ ಸುಮ್ನೆ ಇರೂದನ್ನು ನೋಡಿ ಇಳಿದವ್ರು ಹತ್ತಿ ಬರೂದಿಲ್ಲ."

ಇನ್ನೊಂದನ್ನೂ ಅವಳೇ ತೋರಿಸಿಕೊಟ್ಟಳು. ತೆಂಕಣ ಬಂಡೆಯ ಮಗ್ಗುಲಿಗೆ ಒಂದು ಪಟ್ಟಿ ನೀರು, ಹತ್ತು ಹದಿನೈದು ಹೆಜ್ಜೆ ಅಗಲ. ತೀರದ ಉದ್ದಕ್ಕೂ ಅಲೆ ಒಡೆದು ನೊರೆ ಏಳುತ್ತಿದ್ದರೂ ಅಲ್ಲಿ ಮಾತ್ರ ನೊರೆ ಇಲ್ಲ. ಗಾಢ ಹಸಿರು, ನುಣ್ಣಗೆ, ಕೆರೆಯ ಹಾಗೆ. ಯಾರು ನೋಡಿದರೂ ಇಳಿದರೆ ಇಲ್ಲೇ ಇಳಿಯಬೇಕು ಅನ್ನಬೇಕು. "ಅಲೆ ತಂದು ಹಾಕಿದ ನೀರು ವಾಪಸ್ ಹೋಗಬೇಕಲ್ಲ, ಅದರ ದಾರಿ ಅದು," ಎಂದಳು ಮಾದೇವಕ್ಕ. "ಅಡಿಯಲ್ಲಿ ಹೊಂಡ. ಅದಕ್ಕೇ ಅಲೆ ಒಡೀದಿಲ್ಲ." ಒಂದು ಒಣ ತೆಂಗಿನ ಸಿಪ್ಪೆ ಎಸೆದಳು. ನಾನು ನೋಡುತ್ತಿದ್ದಂತೆ ಅದು ಯಾರೋ ದಾರ ಕಟ್ಟಿ ಎಳೆದ ಹಾಗೆ ಸಮುದ್ರದ ಕಡೆಗೆ ಹೊರಟಿತು, ಬಂಡೆಯ ತುದಿ ದಾಟಿತು, ಹೋಯಿತು.

ಅಕ್ಟೋಬರಿಗೆ ಮರಳು ತಿರುಗಿ ಬಂತು. ದಿನಕ್ಕೆ ಒಂದು ಗೇಣಿನ ಹಾಗೆ, ತೆಗೆದುಕೊಂಡು ಹೋದದ್ದನ್ನು ಸಮುದ್ರವೇ ತಂದು ಹಾಸಿತು. ಡಿಸೆಂಬರಿನಲ್ಲಿ ನೀರು ಗಾಜಾಯಿತು. ಬೆಳಿಗ್ಗೆ ಗಾಳಿ ನೆಲದಿಂದ ನೀರಿಗೆ, ಮಧ್ಯಾಹ್ನ ನೀರಿನಿಂದ ನೆಲಕ್ಕೆ. ಅಲೆ ಅರ್ಧ ಮೀಟರು, ಎಂಟು ಸೆಕೆಂಡು. ಇವತ್ತು ಅಷ್ಟೇ, ನಾಳೆ ಅಷ್ಟೇ, ನಾಡಿದ್ದೂ ಅಷ್ಟೇ. ಜನವರಿಯಲ್ಲಿ ನನಗೆ ಬೇಸರ ಶುರುವಾಯಿತು. ಫೆಬ್ರವರಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೆಳಗಿಳಿಯುವುದನ್ನು ಬಿಟ್ಟೆ. ಕೋಣೆಯಲ್ಲೇ ಕೂತು ಹಿಂದಿನ ದಿನದ್ದನ್ನು ನೋಡಿ ಬರೆದೆ. ಆಮೇಲೊಂದು ದಿನ ಇಳಿದು ನೋಡಿದೆ, ನಾನು ಬರೆದದ್ದೇ ಸರಿ ಇತ್ತು. ಅಲ್ಲಿಗೆ ಧೈರ್ಯ ಬಂತು. ಏಪ್ರಿಲ್ ಹೊತ್ತಿಗೆ ನಾಳೆ ಬೆಳಿಗ್ಗೆಯದನ್ನು ಇವತ್ತು ಸಂಜೆಯೇ ಬರೆದು ಮುಗಿಸಿ ಎಂಟರವರೆಗೆ ಮಲಗುತ್ತಿದ್ದೆ. ನಾನೊಬ್ಬನೇ ಹೀಗೆ ಮಾಡಿದೆ ಎಂದೇನೂ ನಾನು ನಂಬಿಲ್ಲ. ಮಳೆ ಅಳೆಯುವವರು, ಬೋರ್‌ವೆಲ್ ನೀರಿನ ಮಟ್ಟ ಬರೆಯುವವರು, ಎಲ್ಲರಿಗೂ ಈ ವಿದ್ಯೆ ಬರುತ್ತದೆ. ಆದರೆ ಅವರ ಮನೆಯಲ್ಲಿ ನಡೆಯದ್ದು ನನ್ನ ಮನೆಯಲ್ಲಿ ನಡೆಯಿತು.

ಮೇ ಮೊದಲ ವಾರದಲ್ಲಿ ಮಾಮಾ ಬಂದ. ಮಾಮಾ ಅಂದರೆ ನನ್ನ ಅಕ್ಕ ಜಗದೇವಿಯ ಗಂಡ, ಮಲ್ಲಣ್ಣ. ಕಮಲಾಪುರದಲ್ಲಿ ಎರಡೆಕರೆ ಬಾಳೆ ತೋಟ ಇತ್ತು, ಆದರೆ ಸುತ್ತಲ ಹತ್ತೂರಿಗೆ ಅವನ ಹೆಸರು ಗೊತ್ತಿದ್ದದ್ದು ಬೇರೆ ಕೆಲಸಕ್ಕೆ. ಬಾವಿಯಲ್ಲಿ ಮೋಟಾರು ಕಳಚಿ ಬಿದ್ದರೆ, ಕೊಡ ಬಿದ್ದರೆ, ದನ ಬಿದ್ದರೆ, ಮನುಷ್ಯರು ಬಿದ್ದರೆ, ಕರೆಯುವುದು ಅವನನ್ನೇ. ಮೂರು ಆಳು ನೀರಿನಡಿ ಮುಳುಗಿ ಹಗ್ಗ ಕಟ್ಟಿ ಬರುತ್ತಿದ್ದ. ನನಗೆ ಈಸು ಕಲಿಸಲು ನೋಡಿ ಸೋತವನೂ ಅವನೇ.

ಬಂದದ್ದು ಜಗಳ ಮಾಡಿಕೊಂಡು. ತೋಟಕ್ಕೆ ಹೊಸ ಬೋರು ಹಾಕಿಸುವ ಮಾತಿಗೆ ಶುರುವಾದದ್ದು ಎಲ್ಲೆಲ್ಲೋ ಹೋಗಿ, ಅಕ್ಕ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ "ಹೋಗು, ತಿರುಗಿ ಬರಬ್ಯಾಡ" ಅಂದಿದ್ದಳು. ಗಂಡ ಹೆಂಡತಿ ನಡುವೆ ತಿಂಗಳಿಗೊಮ್ಮೆ ನಡೆಯುವ ಮಾತು ಅದು. ಮಾಮಾ ಅದನ್ನು ನನಗೆ ನಗುತ್ತಲೇ ಹೇಳಿದ. ಒಂದು ಗೊನೆ ಕೆಂಪು ಬಾಳೆಹಣ್ಣು ಹೆಗಲ ಮೇಲೆ ಹೊತ್ತು ತಂದಿದ್ದ. "ಎಂಟ್ ದಿನ ಇರ್ತೀನಿ ತಮ್ಮಾ. ಆಕಿ ಸಿಟ್ಟು ಎಂಟ್ ದಿನದ್ದು. ಎಂಟಾದ ಮ್ಯಾಲ ಆಕಿನೇ ಫೋನ್ ಮಾಡ್ತಾಳ."

ಮೊದಲ ಸಲ ಸಮುದ್ರ ಕಂಡಾಗ ಮಾಮಾ ಹಣೆಗೆ ಕೈ ಅಡ್ಡ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದ. ಕೊನೆಗೆ, "ಇದರ ದಂಡಿ ಆ ಕಡಿ ಯಾವ ಊರಿಗದ?" ಎಂದು ಕೇಳಿದ.

"ಆಫ್ರಿಕಾ," ಎಂದೆ.

"ಭಾಳ ದೂರ ಆಯ್ತು. ನಾ ಈ ಕಡೀನೇ ಈಸ್ತೀನಿ."

ಮೂರು ದಿನ ನಾನು ಅವನ ಜೊತೆಯೇ ಇಳಿದೆ. ನಡು ತೀರದಲ್ಲಿ, ನೊರೆ ಒಡೆಯುವಲ್ಲಿ ಮಾತ್ರ ಬಿಟ್ಟೆ. ತೆಂಕಣ ಬಂಡೆಯ ಮಗ್ಗುಲು ಹೋಗಬೇಡ ಎಂದು ಹೇಳಿದೆ. ಹೇಳಿದ್ದು ಖರೆ. ಆದರೆ ಯಾಕೆ ಎಂದು ಮಾದೇವಕ್ಕ ನನಗೆ ತೋರಿಸಿದ ಹಾಗೆ ತೋರಿಸಲಿಲ್ಲ. ಮಾಮಾ ನಕ್ಕ.

"ಲೇ, ಬಾವ್ಯಾಗ ಕಲ್ಲ ಮಗ್ಗಲೇ ಇಳೀತೀವಿ. ನಡೂಕ ದಣಿವಾದ್ರ ಏನ್ ಹಿಡೀತಿ? ಕಲ್ಲಿದ್ರ ಕೈಗಿ ಆಧಾರ ಇರ್ತದ."

"ಇದು ಬಾವಿ ಅಲ್ಲ ಮಾಮಾ."

"ನೀರು ನೀರೇ. ನೀ ಲೆಕ್ಕ ಬರಿ, ನನಗ ಈಸಾಕ ಬಿಡು."

ನಾಲ್ಕನೆಯ ಬೆಳಿಗ್ಗೆ. ಏಳಕ್ಕೆ ಇನ್ನೂ ಸ್ವಲ್ಪ ಇತ್ತು. ಮಾಮಾ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾನು ಹಾಸಿಗೆಯಲ್ಲೇ ಇದ್ದೆ.

"ನಡಿ, ಹೋಗಾಮ."

"ನೀ ನಡಿ ಮಾಮಾ. ನಾಷ್ಟಾಕ್ಕ ಚುರಮುರಿ ಸುಸಲಾ ಮಾಡಿಟ್ಟು ಬರ್ತೀನಿ."

"ಇವತ್ತ ನೀರ್ ಹ್ಯಾಂಗದ?"

ತಲೆದಿಂಬಿನ ಪಕ್ಕ ರಿಜಿಸ್ಟರ್ ಇತ್ತು. ಆ ಬೆಳಿಗ್ಗೆಯ ಸಾಲನ್ನು ಹಿಂದಿನ ಸಂಜೆಯೇ ತುಂಬಿಸಿದ್ದೆ. ತೆರೆದು ಓದಿದೆ. ದೊಡ್ಡ ಇಂಜಿನಿಯರನ ಹಾಗೆ ಓದಿದೆ. "ಅರ್ಧ ಮೀಟರ್. ಎಂಟ್ ಸೆಕೆಂಡ್. ಗಾಳಿ ಇಲ್ಲ. ಶಾಂತ."

"ಏಳೂದ್ಕಿಂತ ಮುಂಚೇನೇ ಸಮುದ್ರ ನಿನಗ ವರದಿ ಕೊಟ್ಟು ಹೋಗ್ಯದ ನೋಡು," ಎಂದ. ನಗುತ್ತಾ ಮೆಟ್ಟಿಲಿಳಿದ. ಅವನಿಗೆ ಅದು ತಮಾಷೆ. ನಾನು ಕಿಟಕಿಯಿಂದಾದರೂ ನೋಡಿಯೇ ಬರೆದಿದ್ದೇನೆ ಎಂದುಕೊಂಡಿದ್ದ.

ಕಿಟಕಿಯಿಂದ ನೋಡಿದರೆ ನನ್ನ ಸಾಲೇ ಸರಿ ಅನ್ನಬೇಕು. ಬಿಸಿಲು ಏರುತ್ತಿತ್ತು. ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸುತ್ತಿರಲಿಲ್ಲ. ದೂರದ ಸಮುದ್ರ ಎಣ್ಣೆ ಸುರಿದ ಹಾಗೆ ನುಣ್ಣಗೆ. ಒಂದೇ ಒಂದು ವಿಷಯ ನಾನು ಗಮನಿಸಬೇಕಿತ್ತು. ಅಷ್ಟು ಒಳ್ಳೆ ಬೆಳಿಗ್ಗೆಯಲ್ಲಿ ಒಂದು ದೋಣಿಯೂ ನೀರಿನಲ್ಲಿರಲಿಲ್ಲ. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

ಮಾದೇವಕ್ಕ ಮೆಟ್ಟಿಲು ಹತ್ತಿ ಬಂದಳು. ಓಡಿ ಬಂದ ಏದುಸಿರಿಗೆ ಮಾತು ತುಂಡಾಗುತ್ತಿತ್ತು. "ನಿಮ್ಮ ನೆಂಟ್ರು ತೆಂಕಣ ಬಂಡೆ ಮಗ್ಗುಲು ಇಳಿದಾರೆ. ನಾ ಕೂಗ್ದೆ. ಕೈ ಮಾಡಿ ನಕ್ಕರು."

ಕೆಳಗೆ ಹೋದಾಗ ನಾನು ಕಂಡದ್ದನ್ನು ಹೇಳುತ್ತೇನೆ. ತೀರ ಸದ್ದಿಲ್ಲದೆ ಇತ್ತು. ನೀರು ಹಿಂದೆ ಸರಿದಿತ್ತು, ಸಾಧಾರಣ ಇಳಿತದಂತೆ ಅಲ್ಲ, ಹೀರಿಕೊಂಡ ಹಾಗೆ. ಹನ್ನೊಂದು ತಿಂಗಳಲ್ಲಿ ನಾನು ಒಮ್ಮೆಯೂ ನೋಡದ ಬಂಡೆಗಳು ಮೇಲೆದ್ದಿದ್ದವು, ಪಾಚಿ ತೊಟ್ಟು, ಬಿಸಿಲಿಗೆ ಹೊಳೆಯುತ್ತಾ. ಬಾವಿಯ ದಂಡೆಯಲ್ಲಿ ನನ್ನನ್ನು ಕೂರಿಸಿದ ವಾಸನೆ ಅಲ್ಲಿಯದು. ಆಮೇಲೆ ದಿಗಂತದಲ್ಲಿ ಒಂದು ಗೆರೆ ದಪ್ಪವಾಯಿತು. ಗಾಳಿಯಿಲ್ಲದೆ, ನೊರೆಯಿಲ್ಲದೆ, ಅವಸರವಿಲ್ಲದೆ ಒಂದು ಅಲೆ ಬಂತು. ಬಡಗಣ ಬಂಡೆಯ ಐದನೆಯ ಪಟ್ಟಿ ಮುಳುಗಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಎಲ್ಲೋ ಸಾವಿರಾರು ಮೈಲಿ ದೂರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಹೀಗೆ ಬರುತ್ತವೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಆಗ ನನಗೆ ಗೊತ್ತಿದ್ದದ್ದು ಒಂದೇ. ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ಹದಿನಾರು ಸೆಕೆಂಡು.

ಹೌದು, ಎಣಿಸಿದೆ. ಅಕ್ಕನ ಗಂಡ ಆ ನೀರಿನಲ್ಲಿದ್ದಾಗ ನಾನು ದಂಡೆಯಲ್ಲಿ ನಿಂತು ಒಂದು, ಎರಡು, ಮೂರು ಎಂದು ಎಣಿಸಿದೆ. ಬೇಕೆಂದು ಅಲ್ಲ. ತಿಂಗಳುಗಟ್ಟಲೆ ಕಲಿತದ್ದು ತಾನಾಗಿ ನಡೆಯಿತು. ತೆಂಕಣ ಬಂಡೆಯ ತುದಿಯ ಆಚೆ ಒಂದು ತಲೆ ಕಂಡಿತು. ಕೈ ಎತ್ತಿದ. ಕರೆದದ್ದೋ, ಈಸಿದ್ದೋ ಗೊತ್ತಾಗಲಿಲ್ಲ. ನಾಲ್ವರು ಬೆಸ್ತರು ದೋಣಿ ತಳ್ಳಿದರು, ದೋಣಿ ಎರಡು ಸಲ ಮಗುಚಿತು. ಮೂರನೆಯ ಸಲಕ್ಕೆ ಅದನ್ನು ದಾಟಿಸಿದಾಗ ಹೊರಗೆ ನೀರು ಮಾತ್ರ ಇತ್ತು. ಹತ್ತು ಗಂಟೆಗೆ ಅಲೆ ತಗ್ಗಿತು. ಸಂಜೆಗೆ ತೀರ ಏನೂ ಆಗದ ಹಾಗೆ ಬಿದ್ದಿತ್ತು.

ಮೂರನೆಯ ದಿನ ಪಕ್ಕದ ತೀರದಲ್ಲಿ ಮಾಮಾ ಸಿಕ್ಕ.

ಕರೆದುಕೊಂಡು ಹೋಗಲು ಕಮಲಾಪುರದಿಂದ ಬಂದವನು ಅವನ ಕಾಕಾನ ಮಗ, ಈರಣ್ಣ. ಬಂದವನೇ ನನ್ನ ಜೊತೆ ಮೆಟ್ಟಿಲಿಳಿದು ನೀರು ನೋಡಿದ. ಆ ಹೊತ್ತಿಗೆ ಅಲೆ ಮಂಡಿಯಷ್ಟೂ ಇರಲಿಲ್ಲ. ಪೊಲೀಸರು ಕೋಣೆಗೆ ಬಂದು, ಆ ದಿನ ಸಮುದ್ರ ಹೇಗಿತ್ತು, ಏನಾದರೂ ದಾಖಲೆ ಇದೆಯೇ ಎಂದು ಕೇಳಿದರು. ರಿಜಿಸ್ಟರ್ ಕೊಟ್ಟೆ. ಬರೆದದ್ದೇ ಸಿಕ್ಕಿತೆಂದು ಬೆಸ್ತರನ್ನು ಕೇಳಲು ಹೋಗದೆ ಅವರು ನಕಲು ಮಾಡಿಕೊಂಡರು. ಈರಣ್ಣನೂ ಬಗ್ಗಿ ಓದಿದ.

"ಶಾಂತ," ಎಂದ. ಎರಡು ಸಲ ಅಂದ. ನನ್ನ ಕಡೆ ತಿರುಗಿದ. "ಮೂರಾಳ ನೀರಾಗ ಹೆಣ ಎತ್ತಾವ, ಇಂಥ ನೀರಾಗ ಮುಳುಗ್ತಾನೇನು? ತಾನಾಗೇ ಹೋಗ್ಯಾನ."

ಆಗ ಹೇಳಬೇಕಿತ್ತು. ಇದು ಸುಳ್ಳು ಸಾಲು, ನಾನು ನೋಡದೆ ಬರೆದದ್ದು. ಇಷ್ಟೇ ಮಾತು. ಮಾದೇವಕ್ಕ ಹೊರಗೆ ಅಂಗಳದಲ್ಲೇ ನಿಂತಿದ್ದಳು. ನಾನು ಹೂಂ ಅಂದಿದ್ದರೆ ಅವಳೂ ಸಾಕ್ಷಿ ಹೇಳುತ್ತಿದ್ದಳು. ಆದರೆ ಒಂದು ಸಾಲು ಸುಳ್ಳೆಂದರೆ ಎಲ್ಲ ಸಾಲೂ ಸುಳ್ಳಾಗುತ್ತವೆ, ವರ್ಷದ ಕೆಲಸ ಕಸವಾಗುತ್ತದೆ. ಮುಂದೆ ಖಾಯಂ ಮಾಡಿಕೊಳ್ಳುತ್ತೇನೆ ಎಂದಿದ್ದ ಕಾಂಟ್ರಾಕ್ಟರು. ನಾನು ಬಾಯಿ ಮುಚ್ಚಿಕೊಂಡೆ. ಖಾಯಂ ಆಗಲಿಲ್ಲ, ಜೆಟ್ಟಿಯೂ ಆಗಲಿಲ್ಲ. ಆ ರಿಜಿಸ್ಟರನ್ನು ಯಾವ ಇಂಜಿನಿಯರನೂ ತೆರೆದು ನೋಡಿರಲಿಕ್ಕಿಲ್ಲ.

ಈರಣ್ಣ ಊರಿಗೆ ಹೆಣದ ಜೊತೆ ಆ ಒಂದು ಮಾತನ್ನೂ ತಂದ. ಕಾಗದದಾಗೇ ಬರ್ದದ, ಸಮುದ್ರ ಶಾಂತ ಇತ್ತು. ಓಣಿಯವರು ಉಳಿದದ್ದನ್ನು ತಾವೇ ಜೋಡಿಸಿದರು. ಜಗಳ ಎಲ್ಲರೂ ಕೇಳಿದ್ದರು. ತಿರುಗಿ ಬರಬ್ಯಾಡ ಅಂದದ್ದೂ ಕೇಳಿದ್ದರು. ಹೆಂಡತಿಯ ಮಾತಿಗೆ ಬೇಸತ್ತು ಮಲ್ಲಣ್ಣ ಸಮುದ್ರಕ್ಕೆ ಬಿದ್ದ. ಮಾಮಾನ ತಾಯಿ, ನಾವು ಆಯಿ ಅನ್ನುತ್ತೇವೆ, ದಿನಕರ್ಮ ಮುಗಿದ ಮೇಲೆ ಅದೇ ಮನೆಯ ಪಡಸಾಲೆಯಲ್ಲಿ ಬೇರೆ ಒಲೆ ಹೂಡಿದಳು. ಇವತ್ತಿಗೂ ತನ್ನ ರೊಟ್ಟಿ ತಾನೇ ಬಡಿಯುತ್ತಾಳೆ. ಅಕ್ಕನ ಕೈಯ ನೀರನ್ನೂ ಮುಟ್ಟುವುದಿಲ್ಲ. ಅಕ್ಕ ಎದುರಾಡಲಿಲ್ಲ. ಎದುರಾಡಲು ಅವಳಿಗೂ ಗೊತ್ತಿರಲಿಲ್ಲವಲ್ಲ. ತನ್ನ ಮಾತೇ ಅವನನ್ನು ಕೊಂದಿತು ಎಂದು ಅವಳೂ ನಂಬಿದಳು. ಆಮೇಲೆ ಅವಳು ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ತನ್ನ ಮಕ್ಕಳನ್ನು ಬೈಯುವಾಗಲೂ ಪಿಸುಗುಡುತ್ತಿದ್ದಳು.

ನಾನು ಹಬ್ಬಕ್ಕೊಮ್ಮೆ ಹೋಗಿ, ಬುತ್ತಿ ಕಟ್ಟಿಸಿಕೊಂಡು, ಕಲಬುರಗಿಗೆ ಬರುತ್ತಿದ್ದೆ. ನೀವು ಓದಿ ನಕ್ಕ ಎಷ್ಟೋ ಕತೆಗಳನ್ನು ಅಕ್ಕನ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಬರೆದಿದ್ದೇನೆ. ಆದರೆ ಎಣಿಸುವುದು ಬಿಡಲಿಲ್ಲ. ಎಮ್ಮೆಯ ಉಸಿರು, ರೈಲ್ವೆ ಗೇಟಿನ ಗಂಟೆ, ಕೊನೆಗೆ ಹೆಂಡತಿಯ ಗೊರಕೆ, ಎಲ್ಲಕ್ಕೂ ನೆತ್ತಿಯಿಂದ ನೆತ್ತಿಗೆ ಎಷ್ಟು ಎಂದು ಒಳಗೊಬ್ಬ ಎಣಿಸುತ್ತಲೇ ಇರುತ್ತಾನೆ. ಉರುಸಿನ ದಿನ ದರ್ಗಾದ ಸುತ್ತಿನ ರೋಜಾ ಬಡಾವಣೆಯಲ್ಲಿ ಜನ ಉಕ್ಕಿ ಬರುವಾಗ ಗೋಡೆಯ ಮಗ್ಗುಲಿಗೆ ಯಾರೂ ಇಲ್ಲದ ಒಂದು ಖಾಲಿ ಪಟ್ಟಿ ಬೀಳುತ್ತದೆ. ನುಣ್ಣಗೆ, ಸುಲಭವಾಗಿ ಕಾಣುತ್ತದೆ. ಎಲ್ಲರೂ ಅದರಲ್ಲೇ ನಡೆಯುತ್ತಾರೆ. ನಾನು ಒಮ್ಮೆಯೂ ಅಲ್ಲಿ ಕಾಲಿಟ್ಟಿಲ್ಲ. ಜನರ ನಡುವೆ ನೂಕಿಸಿಕೊಂಡೇ ಹೋಗುತ್ತೇನೆ.

ಈಗ ಬಾವಿಗೆ ಬರೋಣ. ಹೂಳು ತೆಗೆಯುವ ಗುಂಪಿನ ಮುಂದಾಳು ತಾಜಸುಲ್ತಾನಪುರದವನು, ನನ್ನ ವಾರಿಗೆಯವನು, ಈ ಊರಿಗೆ ಹೊಸಬ. ನಾನು ದಂಡೆಯಲ್ಲಿ ಕೂತದ್ದನ್ನು ನೋಡಿ ನೀರು ಕೊಟ್ಟ. ಬೀಡಿ ಹಚ್ಚಿಕೊಂಡು ತನ್ನ ಜೊತೆಗಾರನಿಗೆ ಹೇಳಿದ.

"ಈ ಬಾವಿ ಯಜಮಾನ ದೊಡ್ಡ ಈಸುಗಾರ ಇದ್ನಂತ. ಹೆಣ್ತಿ ಕಾಟಕ್ಕ ಬ್ಯಾಸತ್ತು ಸಮುದ್ರಕ್ಕ ಹಾರ್ಕೊಂಡ್ನಂತ ನೋಡು. ಅಲ್ಲೀತನಕ ಹೋಗಿ. ಇಲ್ಲೇ ಇಷ್ಟ್ ದೊಡ್ಡ ಬಾವಿ ಅದ."

ಅಕ್ಕ ಅವರಿಗೆ ಚಹಾ ತರುತ್ತಿದ್ದಳು. ಐದು ಹೆಜ್ಜೆ ಹಿಂದೆ. ಕೇಳಿದಳು. ಮುಖದಲ್ಲಿ ಏನೂ ಆಗಲಿಲ್ಲ. ಎಲ್ಲರಿಗೂ ಚಹಾ ಕೊಟ್ಟಳು, ಅವನಿಗೂ ಕೊಟ್ಟಳು, "ಸಕ್ರಿ ಬರೋಬರ್ ಅದ ಏನಪಾ?" ಎಂದು ಪಿಸುದನಿಯಲ್ಲಿ ಕೇಳಿದಳು. ಮಾಮಾನನ್ನು ಕಣ್ಣಲ್ಲಿ ಕೂಡ ನೋಡದ ಮನುಷ್ಯನ ಬಾಯಲ್ಲಿ ನನ್ನ ಸಾಲು ಇನ್ನೂ ಬದುಕಿತ್ತು. ಅಕ್ಕ ಅದಕ್ಕೆ ಸಕ್ಕರೆ ಹಾಕಿ ಕೊಡುತ್ತಿದ್ದಳು.

ಅಲ್ಲೇ, ಬಾಳೆಗಿಡದ ನೆರಳಿಗೆ ಅವಳನ್ನು ಕರೆದು ಕೂರಿಸಿ ಹೇಳಿದೆ. ಸುತ್ತಿ ಬಳಸಿ ಹೇಳಲು ನೋಡಿದೆ, ಅವಳು ಬಿಡಲಿಲ್ಲ. "ನೆಟ್ಟಗ ಹೇಳು" ಎಂದಳು. ನೆಟ್ಟಗೆ ಹೇಳಿದೆ. ನಾನು ಹಿಂದಿನ ಸಂಜೆ ಬರೆದದ್ದು, ಮಾಮಾ ಕೇಳಿದ್ದು, ನಾನು ಓದಿದ್ದು, ಕೆಳಗಿಳಿದಾಗ ಕಂಡದ್ದು, ಈರಣ್ಣನ ಮುಂದೆ ಸುಮ್ಮನಿದ್ದದ್ದು.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ನೀರಿಗಿ ಇಳಿಯೂದ್ಕಿಂತ ಮೊದಲ ನಗಾಕತ್ತಿದ್ನಾ?"

"ನಗಾಕತ್ತಿದ್ದ. ನಿನ್ ಸಿಟ್ಟು ಎಂಟ್ ದಿನದ್ದು ಅಂದಿದ್ದ. ನೀನೇ ಫೋನ್ ಮಾಡ್ತಿ ಅಂದಿದ್ದ."

"ನಾಕನೇ ದಿನಕ್ಕೇ ಮಾಡ್ಬೇಕಂತ ಮಾಡಿದ್ದೆ," ಎಂದಳು. ಸೆರಗನ್ನು ಕೈಬಿಟ್ಟಳು. ಆಮೇಲೆ ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. "ಹದಿನಾಕ್ ವರ್ಷ ನನ್ ಕೈಯಾಗಿನ ಉಂಡಿ ತಮ್ಮಾ."

ನಾನು ಅವಳ ಕಾಲಿಗೆ ಕೈ ಚಾಚಿದೆ. ಕಾಲು ಹಿಂದೆ ಎಳೆದುಕೊಂಡಳು.

"ಏಳು. ನನಗೊಬ್ಬಾಕಿಗಿ ಹೇಳಿ ಹಗುರಾಗಬ್ಯಾಡ. ಮನಿಗಿ ನಡಿ."

ಮುಂದೆ ಅವಳು, ಹಿಂದೆ ನಾನು. ತೋಟದಿಂದ ಓಣಿ ದಾಟಿ ಮನೆಗೆ. ಆಯಿ ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಎಂಬತ್ತು ದಾಟಿದೆ, ಕಿವಿ ಮಂದ. ಅಕ್ಕ ಅವಳೆದುರು ನಿಂತು, ಅಷ್ಟು ವರ್ಷದಲ್ಲಿ ನಾನು ಕೇಳಿರದ ದೊಡ್ಡ ದನಿಯಲ್ಲಿ ಅಂದಳು.

"ಅತ್ತೀ, ನನ್ ತಮ್ಮ ನಿಮಗ ಏನೋ ಹೇಳ್ತಾನಂತ. ಕೇಳ್ರಿ." ನನ್ನ ಕಡೆ ತಿರುಗಿದಳು. "ಗಟ್ಟಿ ಹೇಳು. ಆಕಿಗಿ ಕೇಳಂಗಿಲ್ಲ."

ಹೇಳಿದೆ. ಆಯಿ ಅಂಗೈಯನ್ನು ಕಿವಿಗೆ ಹಿಡಿದು, "ಆಂ?" ಎಂದಳು. ಇನ್ನೂ ಗಟ್ಟಿಯಾಗಿ ಹೇಳಿದೆ. ಎದುರು ಮನೆಯ ಬಾಗಿಲು ತೆರೆಯಿತು. ಆಯಿಯ ಕೈ ಕಿವಿಯಲ್ಲೇ ಇತ್ತು. ಮೂರನೆಯ ಸಲ ನಾನು ಕೂಗಿದೆ, ಪೂರ್ತಿ ಗಂಟಲು ಬಿಟ್ಟು. "ಆಯೀ, ಸಮುದ್ರ ಶಾಂತ ಇರಲಿಲ್ಲ. ನಾ ನೋಡ್ದೇ ಬರ್ದಿದ್ದೆ. ಮಾಮಾ ತಾನಾಗೇ ಸಾಯ್ಲಿಲ್ಲ. ಅಕ್ಕನ ತಪ್ಪಿಲ್ಲ." ಓಣಿಯ ಹೆಂಗಸರು ಹೊರಗೆ ಬಂದು ನಿಂತಿದ್ದರು. ಈಗ ಮುದುಕನಾದ ಈರಣ್ಣ ತನ್ನ ಕಟ್ಟೆಯಿಂದ ಎದ್ದು ನಿಂತಿದ್ದ. ತೋಟದ ಕಡೆಯಿಂದ ಬಂದ ತಾಜಸುಲ್ತಾನಪುರದವನು ಖಾ‍ಲಿ ಚಹಾ ಲೋಟ ಹಿಡಿದುಕೊಂಡು ತಲೆ ತಗ್ಗಿಸಿದ.

ಆಯಿ ಕೈ ಕೆಳಗಿಳಿಸಿದಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ, ಸೊಸೆಯ ಮೇಲಿತ್ತು. ಅವಳಿಗೆ ಕೇಳಿಸಿತ್ತು. ಮೊದಲ ಸಲಕ್ಕೇ ಕೇಳಿಸಿತ್ತು ಅನ್ನಿಸುತ್ತದೆ.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಸಾಕು ಬಿಡು ಅನ್ನಲಿಲ್ಲ. ಆಯಿ ಹೊಸ್ತಿಲಿನ ಕಡೆಗೆ, ಹೊರಗೆ ನಿಂತವರ ಕಡೆಗೆ ಗದ್ದ ತೋರಿಸಿ ನನಗೆ ಹೇಳಿದಳು.

"ಹೊರಗ ನಿಂತು ಇನ್ನೊಮ್ಮಿ ಹೇಳು."